ಅಕ್ಕನ ಮಣೆ

ಅಪ್ಪ ತೀರಿಕೊಂಡ ಮೇಲೆ ಹೊಲದ ವಾರಸುದಾರರ ಅರ್ಜಿಯಲ್ಲಿ ನಾನು ಅಕ್ಕನ ಹೆಸರು ಬರೆಯಲಿಲ್ಲ. ಅಂಥ ಅಕ್ಕನನ್ನು ಮರೆಯಲು ಸಾಧ್ಯವೇ ಎಂದು ನೀವು ಕೇಳಬಹುದು. ಅವಳು ಗಂಡನ ಮನೆ ಇಚಲಕರಂಜಿಯಲ್ಲಿ ಸೀನಿದರೆ ಗಡಹಿಂಗ್ಲಜದಲ್ಲಿ ನಮ್ಮ ಎಮ್ಮೆ ಕಿವಿ ನಿಮಿರಿಸುತ್ತದೆ! ರೇಷನ್ ಕಾರ್ಡು ನೋಡಿ ಅದರಲ್ಲಿದ್ದ ಹೆಸರು ಬರೆದೆ, ಮದುವೆಯಾದಾಗಲೇ ಅವಳ ಹೆಸರು ಅದರಿಂದ ಹೋಗಿತ್ತು, ನಾನು ನಾಲ್ಕನೆಯ ಇಯತ್ತೆ ಓದಿದವನು ಎಂದು ಎಲ್ಲರಿಗೂ ಹೇಳಿದೆ.

ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನನ್ನೊಬ್ಬನ ಹೆಸರು ಕಂಡಾಗ ಅಕ್ಕ ಅಳಲಿಲ್ಲ. ತನ್ನ ಅಡುಗೆಮನೆಯ ಮಣೆಯನ್ನು ಚೀಲಕ್ಕೆ ತುರುಕಿ, ಕೊಲ್ಹಾಪುರದಲ್ಲಿ ಬಸ್ಸು ಬದಲಿಸಿ, ನೇರ ಜಮೀನಿನ ಲೆಕ್ಕ ಬರೆಯುವ ತಲಾಠಿಯ ಕಚೇರಿಗೆ ಬಂದಳು.

"ಮಣಿ ಯಾಕಕ್ಕಾ?"

"ಕಚೇರಿ ಖುರ್ಚಿ ಅವರದು, ಏಳು ಅಂತಾರ. ನನ್ನ ಮಣಿ ಮ್ಯಾಲಿಂದ ಯಾರು ಎಬ್ಬಸ್ತಾರ?"

ತಲಾಠಿ, "ಮಾವಶಿ, ಉದ್ಯಾ ಯಾ" ಎಂದ. ನಾಳೆ ಬಾ ಎಂದರೆ ನಿಜವಾಗಿಯೂ ನಾಳೆಯೇ ಬರುವವಳೆಂದು ಪಾಪ, ಅವನಿಗೇನು ಗೊತ್ತು? ಮರುದಿನ ಬೀಗ ತೆಗೆಯುವ ಮೊದಲೇ ಅಕ್ಕ ಬಾಗಿಲಲ್ಲಿ ಮಣೆ ಹಾಕಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಾಲ್ಕನೆಯ ದಿನಕ್ಕೆ ಜನ ಅವಳ ಕೈಗೇ ಅರ್ಜಿ ಕೊಡತೊಡಗಿದರು. ಅವಳೂ ಇಸಿದುಕೊಂಡು, "ಹೆಣ್ಮಕ್ಕಳ ಹೆಸರು ಬರದೀರೇನ್ರಿ?" ಎಂದು ಗದರಿಸಿಯೇ ಒಳಗೆ ಬಿಡುತ್ತಿದ್ದಳು.

ವಸತಿ ಮಾತ್ರ ನನ್ನ ಮನೆಯಲ್ಲೇ. "ನಿನ್ನ ಮನಿ ಅನ್ನ ನನಗ ಬ್ಯಾಡ" ಎಂದು ಜೋಳದ ಹಿಟ್ಟು ಸಹ ಹೊತ್ತು ತಂದಿದ್ದಳು. ರೊಟ್ಟಿ ಬಡಿದು, ಮೊದಲನೆಯ ಬಿಸಿ ರೊಟ್ಟಿ ನನ್ನ ತಾಟಿಗೇ ಹಾಕುತ್ತಿದ್ದಳು.

"ಹೊಲ ಬಿಟ್ಟುಕೊಡ್ತಿಯೇನಕ್ಕಾ, ಹೆಸರು ಬಂದ ಮ್ಯಾಲ?"

"ಯಾಕ ಬಿಡಲಿ? ನನ್ನ ಪಾಲಿನಾಗ ಶೇಂಗಾ ಹಾಕ್ತೇನಿ. ನೀ ನೀರು ಬಿಡು."

ಕಡೆಗೆ ಉತಾರ ದುರುಸ್ತಿಯ ವಿಚಾರಣೆ ಬಂತು. ಸಾಹೇಬರು ನನ್ನನ್ನೇ ನೋಡಿದರು. "ಕಣ್ತಪ್ಪಿ ಆತೋ, ಬೇಕಂತ ಮಾಡಿದ್ಯೋ?"

ನಾನು ರೇಷನ್ ಕಾರ್ಡು ತೆಗೆಯಲು ಜೇಬಿಗೆ ಕೈ ಹಾಕಿದೆ. ಅಷ್ಟರಲ್ಲಿ ಅಕ್ಕ ಮಣೆ ಬಿಟ್ಟು ಎದ್ದಳು. ಅಷ್ಟು ದಿನಗಳಲ್ಲಿ ಕಚೇರಿ ಮುಚ್ಚುವ ಮೊದಲು ಅವಳು ತಾನಾಗಿ ಎದ್ದದ್ದು ಅದೊಂದೇ ಸಲ.

"ಕಣ್ತಪ್ಪಿ ಆಗೇದ್ರಿ ಸಾಹೇಬ್ರ. ನನ್ನ ತಮ್ಮ ಭಾಳ ಸಾದಾ ಮನಶ್ಯಾ. ರೇಷನ್ ಕಾರ್ಡಿನಾಗ ಇದ್ದಷ್ಟು ಬರದಾನ."

ಹೆಸರು ಸೇರಿಸಲು ಹುಕುಂ ಆಯಿತು. ಹೊರಗೆ ಪಡಸಾಲೆಯಲ್ಲಿ ಅವಳು ಮಣೆಯ ಧೂಳು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕುತ್ತಿದ್ದಳು. ಚೀಲ ನಾನು ಇಸಿದುಕೊಂಡೆ.

"ಅಕ್ಕಾ, ಕಣ್ತಪ್ಪಿ ಅಲ್ಲ. ಅಕ್ಕತಂಗ್ಯಾರು ಅದಾರೇನಂತ ಅರ್ಜಿ ಕೊಟ್ಟಾಗ ತಲಾಠಿ ಕೇಳಿದ್ದ. ಯಾರೂ ಇಲ್ಲ ಅಂದಿದ್ದೆ. ತಪ್ಪಾತಕ್ಕಾ."