ಗೌರಕ್ಕನ ಬೇಲಿಯ ನೆರಳು

ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟು ಗುದ್ದಲಿ ಹಿಡಿದವನು ನಾನು. ಅದಕ್ಕೆ ನನಗೆ ನಾಚಿಕೆಯಿಲ್ಲ. ಗಾಳಿಬೀಡಿನ ಇಳಿಜಾರಿನಲ್ಲಿರುವ ನನ್ನ ಕಾಫಿ ತೋಟದ ಒಂದೊಂದು ಗುಂಡಿಯನ್ನೂ ನಾನೇ ತೋಡಿದ್ದು. ಇಂಥವನಿಗೆ, ಮೈಮುರಿದು ದುಡಿದರೆ ಸರಿಹೋಗದ ಕಷ್ಟವೇ ಇಲ್ಲ ಎಂಬ ಸೊಕ್ಕು ಸ್ವಲ್ಪ ಇರುತ್ತದೆ. ಆದರೆ ಪಕ್ಕದ ಮನೆಯವರ ಬೇಲಿ ಎತ್ತರವಾದರೆ ಎಷ್ಟು ದುಡಿದು ಏನು ಮಾಡುವುದು?

ನಾನು ಕಾಫಿ ಒಣಗಿಸುವ ಕಣದ ಮೂಡಣ ಬದಿಗೆ ಗೌರಕ್ಕನ ಮನೆ. ನಡುವೆ ಅವರ ಹಾಲುವಾಣದ ಮರಗಳ ಬೇಲಿ. ಬೇಲಿ ಎನ್ನುವುದು ಮರ್ಯಾದೆಗೆ. ಅದು ಅವರ ಹಂಚಿನ ಮಾಡನ್ನೂ ಮೀರಿ ಬೆಳೆದಿತ್ತು. ಕುಯ್ಲಿನ ಕಾಲದಲ್ಲಿ ಹೊತ್ತು ನೆತ್ತಿಯ ಹತ್ತಿರ ಬರುವವರೆಗೂ ನನ್ನ ಕಣಕ್ಕೆ ಬಿಸಿಲಿಲ್ಲ. ಒಂದು ವರ್ಷ ಅರ್ಧ ಹಣ್ಣು ಬೂಷ್ಟು ಹಿಡಿಯಿತು. ಅದನ್ನು ನೋಡಿಯೂ ಬಾಯಿ ಸುಮ್ಮನಿರುತ್ತದೆಯೇ? "ಕಡಿಸಿ, ಇಲ್ಲದಿದ್ರೆ ಕೋರ್ಟಿಗೆ ಹೋಗ್ತೇನೆ" ಎಂದೆ. ಆಗಿನ್ನೂ ನಮ್ಮ ಕೊಡಗು ಮೈಸೂರಿಗೆ ಸೇರದ ಚಿಕ್ಕ ರಾಜ್ಯ. ರಾಜಧಾನಿ ಮಡಿಕೇರಿಗೆ ಬೆಳಿಗ್ಗೆ ನಡೆದು ಹೋಗಿ ಊಟದ ಹೊತ್ತಿಗೆ ಮನೆ ಸೇರಬಹುದು. ಹಾಗಾಗಿ ಇಲ್ಲಿ ಇಂಥ ಬೆದರಿಕೆ ಹಾಕುವುದು ಸುಲಭ.

ಮಾತು ಎಳೆದೂ ಎಳೆದೂ ಕುಯ್ಲು ಮುಗಿಯಿತು. ಕೊನೆಗೆ ಊರ ಹಿರಿಯ ಸುಬ್ಬಯ್ಯಜ್ಜ ನ್ಯಾಯ ಹೇಳಲು ಬಂದರು. ಬಂದದ್ದು ಬೇಸಿಗೆಯ ನಡುಮಧ್ಯಾಹ್ನ. ಕಣದ ತುಂಬ ರಣಬಿಸಿಲು. ಅಜ್ಜ ಕೊಡೆ ಬಿಡಿಸಿ, "ಎಲ್ಲಿ ಉಂಟು ಮಾರಾಯ ನಿನ್ನ ನೆರಳು? ಇದ್ದಿದ್ರೆ ನಾನೇ ಅದರಡಿ ಕೂರ್ತಿದ್ದೆ" ಎಂದರು.

ಆಗ ಬೇಲಿಯಾಚೆಯಿಂದ ಗೌರಕ್ಕ ಬಂದರು. ಸುಮ್ಮನಿದ್ದಿದ್ದರೆ ಗೆಲುವು ಅವರದೇ.

"ಈಗ ನೋಡಿರೆ ಎಲ್ಲಿ ಕಾಂಬುದು ಅಜ್ಜಾ? ಕುಯ್ಲಿಲಿ ಬರೊಕು. ಅಂವನ ಕಣಕ್ಕೆ ಬಿಸಿಲು ಬೀಳುವಾಗ ನಮ್ಮಲ್ಲಿ ಗಂಜಿ ಊಟ ಆಗಿರ್ತದೆ. ಅಂವ ಹೇಳುದು ನಿಜ."

"ಮತ್ತೆ ಕಡಿಸುಕೆ ಏನು ನಿಂಗೆ?"

"ಬೇಲಿ ಇಲ್ಲದೆ ಮಳೆಗಾಲದ ಗಾಳಿಗೆ ನನ್ನ ಹಂಚು ಹಾರಿರೆ ಅಂವ ಹಿಡ್ಕಂಡು ನಿಲ್ತಾನಾ? ಗಾಳಿ ಮುಗಿಲಿ, ಕುಯ್ಲಿಗೆ ಮೊದಲು ಮರದ ತಲೆ ಕಡಿಲಿ. ಹಾಲುವಾಣ ಅಲ್ಲವಾ, ಮುಂದಿನ ಗಾಳಿ ಬರುವಾಗ ಚಿಗುರಿ ನಿಲ್ತದೆ."

"ಕಡಿಯುದು ಯಾರು?"

"ಬಿಸಿಲು ಬೇಕಾದಂವ."

ತನ್ನ ಮೇಲೆ ದೂರು ಕೊಟ್ಟವನ ಪರವಾಗಿಯೇ ಸಾಕ್ಷಿ ಹೇಳಿದವರನ್ನು ನಾನು ನೋಡಿದ್ದು ಅದೇ ಮೊದಲು. ಅವರ ಜಾಗದಲ್ಲಿ ನಾನಿದ್ದಿದ್ದರೆ ಅಜ್ಜನಿಗೆ ಕುಡಿಯಲು ಮಜ್ಜಿಗೆ ಕೊಟ್ಟು ಬೇಗ ಕಳಿಸಿಬಿಡುತ್ತಿದ್ದೆ.

ಈಗ ಪ್ರತಿ ಕುಯ್ಲಿಗೆ ಮೊದಲು ಕತ್ತಿ ಹಿಡಿದು ಏಣಿ ಹತ್ತುತ್ತೇನೆ. ದಾರಿಹೋಕರು ಕೇಳಿದರೆ, "ತಕರಾರು ಗೆದ್ದೆನಲ್ಲ, ಅದಕ್ಕೆ" ಎನ್ನುತ್ತೇನೆ. ಕೆಳಗಿನಿಂದ ಗೌರಕ್ಕ, "ಗೆದ್ದಂವನೇ, ಆ ಕೊಂಬೆ ಬಿಟ್ಟೆ ನೋಡು. ಸೊಪ್ಪು ಹಾಗೇ ನಮ್ಮ ಕೊಟ್ಟಿಗೆಗೆ ಹಾಕಿ ಹೋಗು" ಎನ್ನುತ್ತಾರೆ. ನಾನು ಮರುಮಾತಾಡುವುದಿಲ್ಲ. ಏಣಿ ಹಿಡಿದುಕೊಂಡಿರುವವರು ಅವರೇ.