ಲಾಡಿ ಪೋಣಿಸುವ ಡಾಕ್ಟರು

ನಮ್ಮ ಭಾವ ಬರುತ್ತಾರೆಂದು ಗೊತ್ತಾದರೆ ನನ್ನ ಅಮ್ಮ ಮೊದಲು ಮಾಡುತ್ತಿದ್ದ ಕೆಲಸ ಕಾಫಿಗೆ ನೀರಿಡುವುದಲ್ಲ, ಬಟ್ಟೆಯ ಬೀರುವಿಗೆ ಬೀಗ ಹಾಕುವುದು! ಹಾಗಂತ ಭಾವನನ್ನು ಕಳ್ಳರೆಂದು ತಿಳಿಯಬೇಡಿ. ಸಾಗರದಲ್ಲಿ ಹೆಸರು ಮಾಡಿದ ಹೊಟ್ಟೆ ಡಾಕ್ಟರು, ಸಭ್ಯರು, ಅಕ್ಕನಿಗೆ ಹೆದರುವವರು. ಅವರಿಗಿದ್ದದ್ದು ಒಂದೇ ಚಟ. ಲಂಗವೋ ಪೈಜಾಮವೋ, ಲಾಡಿ ಇರುವ ಬಟ್ಟೆ ಕಂಡರೆ ಸಾಕು, ಆ ಲಾಡಿಯನ್ನು ಹಿರಿದು ಹೊರಗೆ ತೆಗೆದು ಮತ್ತೆ ಪೋಣಿಸದಿದ್ದರೆ ಅವರಿಗೆ ಸಮಾಧಾನವಿಲ್ಲ.

ಈ ಚಟ ಹತ್ತಿದ್ದು ಓದಿನಿಂದ, ಅದೂ ನಲವತ್ತನೆಯ ವಯಸ್ಸಿನಲ್ಲಿ. ಡಾಕ್ಟರಾಗಿ, ಆಮೇಲೆ ದೊಡ್ಡ ಡಾಕ್ಟರಾಗಿ, ಆಮೇಲೆ ಹೊಟ್ಟೆಗೇ ಮೀಸಲಾದ ಡಾಕ್ಟರಾಗಿ, ಹಣೆಯ ಮೇಲಿನ ಕೂದಲೆಲ್ಲ ಉದುರಿದ ಮೇಲೂ ಈ ಮನುಷ್ಯನಿಗೆ ಇನ್ನೊಂದು ವರ್ಷ ಓದಬೇಕೆನ್ನಿಸಿತು. ಫೆಲೋಶಿಪ್ ಅಂತೆ! ಬಾಯಿಯಿಂದ ಎಂಡೋಸ್ಕೋಪಿಯ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವುದು ಅವರಿಗೆ ಮೊದಲೇ ಗೊತ್ತಿತ್ತು. ಈಗ ಕಲಿಯಬೇಕಾದದ್ದು ಅದಕ್ಕಿಂತ ಸೂಕ್ಷ್ಮದ್ದು. ಕರುಳಿನ ಗೋಡೆಯಲ್ಲಿ ಪಿತ್ತನಾಳದ ಸಣ್ಣ ಬಾಯಿ ಹುಡುಕಿ, ಅದರೊಳಗೆ ತೆಳ್ಳನೆಯ ತಂತಿ ತೂರಿಸಿ, ಸಿಕ್ಕಿಕೊಂಡ ಕಲ್ಲನ್ನು ಹೊಟ್ಟೆ ಕೊಯ್ಯದೆ ತೆಗೆಯಬೇಕು.

"ತುಮರಿ ಕಡೆಯಿಂದ ನೋವು ತಿಂತಾ ಬಂದವ್ರಿಗೆ, ಇದು ನನ್ನ ಕೈಲಾಗಲ್ಲ, ದೊಡ್ಡ ಊರಿಗೆ ಹೋಗಿ ಅಂತ ಎಷ್ಟು ವರ್ಷ ಹೇಳ್ಲಿ ಮಾರಾಯ?" ಎಂದವರೇ ಕ್ಲಿನಿಕ್ಕಿಗೆ ಬೀಗ ಜಡಿದು, ಘಟ್ಟದ ಕೆಳಗಿನ ಆಸ್ಪತ್ರೆಯೊಂದಕ್ಕೆ ವಿದ್ಯಾರ್ಥಿಯಾಗಿ ಹೊರಟೇಬಿಟ್ಟರು.

ನೆಂಟರಿಗೆ ಇದನ್ನು ಅರ್ಥ ಮಾಡಿಸುವುದು ಹೇಗೆ? ಹೊಸನಗರದಲ್ಲಿ ಒಂದು ಗೃಹಪ್ರವೇಶದ ಊಟಕ್ಕೆ ಕೂತಾಗ ಪಕ್ಕದ ಎಲೆಯ ಹಿರಿಯರೊಬ್ಬರು, "ಈಗ ಎಂತ ಮಾಡ್ಕಂಡಿದ್ದೀರಿ?" ಎಂದು ವಿಚಾರಿಸಿದರು.

"ಓದ್ತಾ ಇದೀನಿ," ಎಂದರು ಭಾವ.

ಹೋಳಿಗೆ ಮುರಿಯುತ್ತಿದ್ದ ಹಿರಿಯರ ಕೈ ಅಲ್ಲೇ ನಿಂತಿತು. "ಇನ್ನೂ ಪಾಸಾಗ್ಲಿಲ್ವಾ?"

"ಇಲ್ಲ. ಇನ್ನೊಂದು ಎಂಟು ತಿಂಗಳು ಹಿಡಿಯುತ್ತೆ."

ಅಂದಿನಿಂದ ಆ ಹಿರಿಯರು ನನ್ನನ್ನು ಕಂಡಾಗಲೆಲ್ಲ "ಪಾಪ, ನಿಮ್ಮಕ್ಕ!" ಎಂದು ಲೊಚಗುಟ್ಟುತ್ತಾರೆ.

ಲಾಡಿಯ ಪ್ರಯೋಗ ಭಾವನ ಸ್ವಂತ ಸಂಶೋಧನೆ. "ನಿಮ್ಮ ಗುರುಗಳು ಹೇಳಿದ್ರಾ ಭಾವ?" ಎಂದು ಕೇಳಿದೆ. "ಇಲ್ಲಪ್ಪ. ಅಲ್ಲಿ ಅಭ್ಯಾಸಕ್ಕೆ ರಬ್ಬರಿನ ಹೊಟ್ಟೆ ಇಟ್ಟಿದ್ದಾರೆ. ರಜೆ ದಿನ ಹೊಟ್ಟೆಗೆ ಎಲ್ಲಿಗೆ ಹೋಗ್ಲಿ?" ಎಂದರು. ಅವರು ಪೋಣಿಸುವ ಕ್ರಮವೂ ನಮ್ಮ ನಿಮ್ಮಂತಲ್ಲ. ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ, ತಮ್ಮ ಕೈಯನ್ನು ಅದರ ಕ್ಯಾಮೆರಾದಲ್ಲಿ ಕಾಣುವ ಹಾಗೆ ಹಿಡಿದು, ಮೊಬೈಲನ್ನೇ ನೋಡುತ್ತ, ಲಾಡಿಯ ತುದಿಗೆ ಸಿಕ್ಕಿಸಿದ ಪಿನ್ನನ್ನು ಮಡಿಕೆಯೊಳಗೆ ತಳ್ಳುತ್ತಿದ್ದರು. "ಕೈ ನೋಡಬಾರ್ದು. ಯಾವಾಗ್ಲೂ ಪರದೆ ನೋಡ್ಬೇಕು," ಎನ್ನುವುದು ಅವರ ಮಂತ್ರ. ಅವರ ಬಳಿ ಇನ್ನೊಂದು ಮಂತ್ರವೂ ಇತ್ತು: "ದಾರಿ ಕಾಣದಿದ್ರೆ ನೂಕಬಾರ್ದು. ಸ್ವಲ್ಪ ಹಿಂದೆ ಬಂದು ನೋಡ್ಬೇಕು." ಆಗುಂಬೆ ಘಾಟಿಯ ಮಂಜಿನಲ್ಲಿ ಕಾರು ಓಡಿಸುವಾಗಲೂ ಇದನ್ನೇ ಪಾಲಿಸಿ, ಹಿಂದಿದ್ದ ಬಸ್ಸಿನ ಡ್ರೈವರಿಂದ ನಮಗೆಲ್ಲರಿಗೂ ಸೇರಿ ಬೈಸಿದ್ದಾರೆ.

ಬೀರುವಿಗೆ ಬೀಗ ಬಿದ್ದದ್ದು ಮಂಡಗದ್ದೆಯ ಮದುವೆಯ ದಿನ. ಬಾಡಿಗೆ ಕಾರು ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿದೆ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಅಮ್ಮ ಸೀರೆ ಉಡಲು ಕೋಣೆಗೆ ಹೋದರೆ ಒಂದು ಲಂಗಕ್ಕೂ ಲಾಡಿಯಿಲ್ಲ! ಹಗ್ಗದ ಮೇಲೆ ಒಣಗಿದ್ದವನ್ನೂ ಬೀರುವಿನಲ್ಲಿದ್ದವನ್ನೂ ತಂದು ಭಾವ ಬೆಳಿಗ್ಗೆಯೇ ಶಸ್ತ್ರಚಿಕಿತ್ಸೆ ಮುಗಿಸಿದ್ದರು. ಲಾಡಿಗಳೆಲ್ಲ ಜಗಲಿಯ ಮೇಲೆ ಸುರುಳಿ ಸುರುಳಿಯಾಗಿ ಬಿದ್ದಿದ್ದವು.

"ಅತ್ತೆ ಲಂಗದ ಲಾಡಿ ಹಿರಿಯೋ ಅಳಿಯನ್ನ ಯಾರಾದ್ರೂ ಕಂಡಿದ್ದೀರಾ? ಇದನ್ನ ನಾ ಯಾರ ಹತ್ರ ಹೇಳ್ಕಳ್ಲಿ!" ಬಾಗಿಲ ಸಂದಿಯಿಂದ ಅಮ್ಮನ ಕೂಗು.

"ಅತ್ತೆ, ಅರ್ಧ ನಿಮಿಷ!" ಎಂದ ಭಾವ ಮೊಬೈಲ್ ನೋಡುತ್ತಲೇ ಸರ್ರನೆ ಪೋಣಿಸಿ ಅಕ್ಕನ ಕೈಯಲ್ಲಿ ಲಂಗವನ್ನು ಒಳಗೆ ಕಳಿಸಿದರು. ನಾನು ಗಡಿಯಾರ ನೋಡಿದೆ. ನಿಜವಾಗಿಯೂ ಅರ್ಧ ನಿಮಿಷ!

ಅವರ ಓದು ಮುಗಿಯಲು ಎರಡು ತಿಂಗಳಿದೆ ಎನ್ನುವಾಗ ಅಮ್ಮನ ಕಣ್ಣು ಹಳದಿಯಾಯಿತು. ಮೈಯೆಲ್ಲ ತುರಿಕೆ, ಹೊಟ್ಟೆಯಲ್ಲಿ ತಡೆಯಲಾರದ ನೋವು. ಭಾವ ಓದುತ್ತಿದ್ದ ಆಸ್ಪತ್ರೆಗೇ ಕರೆದೊಯ್ದು ಸ್ಕ್ಯಾನ್ ಮಾಡಿಸಿದರೆ ಪಿತ್ತನಾಳದಲ್ಲಿ ಕಲ್ಲು. ಬಾಯಿಯ ದಾರಿಯಿಂದ ಬಾರದಿದ್ದರೆ ಹೊಟ್ಟೆ ಕೊಯ್ಯಲೇಬೇಕು ಎಂದರು. ಅಮ್ಮನ ವಯಸ್ಸಿಗೆ, ಅವಳ ದುರ್ಬಲ ಹೃದಯಕ್ಕೆ, ಅದನ್ನು ನೆನೆದರೇ ನಮಗೆ ಭಯ. ಅಷ್ಟರ ಮೇಲೆ ಅಮ್ಮನದೊಂದು ಹಟ: "ಮಾಡಿದ್ರೆ ನಮ್ಮ ಅಳಿಯಂದ್ರೇ ಮಾಡ್ಬೇಕು. ಇಲ್ದಿದ್ರೆ ನಾ ಬಸ್ಸು ಹತ್ತಿ ವಾಪಸ್ ಹೋಗ್ತೀನಿ."

ಭಾವ ಒಪ್ಪಲಿಲ್ಲ. ಸ್ವಂತದವರಿಗೆ ಮಾಡಬಾರದು ಎಂದರು, ಗುರುಗಳೇ ಮಾಡಲಿ ಎಂದರು. ಅಮ್ಮ ನಿಜವಾಗಿಯೂ ಚೀಲ ಹಿಡಿದು ಎದ್ದಳು. ಕೊನೆಗೆ ಗುರುಗಳೇ, "ನಾನು ಪಕ್ಕದಲ್ಲೇ ನಿಂತಿರ್ತೀನಿ, ನೀವು ಮಾಡಿ," ಎಂದರಂತೆ.

ಆ ಬೆಳಿಗ್ಗೆ ಅಮ್ಮ ಆಸ್ಪತ್ರೆಯ ಅಂಗಿ, ಪೈಜಾಮ ತೊಟ್ಟು ಮಂಚದ ಮೇಲೆ ಕೂತಿದ್ದಳು. ಭಾವ ಬಂದು ಅವಳ ಫೈಲು ತೆರೆದರು. ಕಾಗದಗಳು ಪಟಪಟ ಸದ್ದು ಮಾಡಿದವು. ಫ್ಯಾನ್ ತಿರುಗುತ್ತಿರಲಿಲ್ಲ. ಅವರ ಕೈ ನಡುಗುತ್ತಿತ್ತು. ನಾನು ನೋಡಿಯೂ ನೋಡದವನಂತೆ ಕಿಟಕಿಯ ಕಡೆ ತಿರುಗಿದೆ.

ಅಮ್ಮ ಬಚ್ಚಲಿಗೆ ಹೋಗಿ ಬರುತ್ತೇನೆಂದು ಎದ್ದಳು. ಸ್ವಲ್ಪ ಹೊತ್ತಿಗೆ ಬಚ್ಚಲಿನ ಬಾಗಿಲ ಸಂದಿಯಿಂದ ಒಂದು ಕೈ ಹೊರಬಂತು. ಕೈಯಲ್ಲಿ ಪೈಜಾಮ ಒಂದು ಕಡೆ, ಲಾಡಿ ಒಂದು ಕಡೆ!

"ಲಾಡಿ ಹೊರಗೆ ಬಂದ್ಬಿಡ್ತು ಕಣ್ರೀ," ಎಂದಳು.

"ಬೇರೆ ಪೈಜಾಮ ತರ್ತೀನಿ ಅಜ್ಜಿ," ಎಂದಳು ನರ್ಸ್.

"ಬೇಡ ಕಣೇ. ನಮ್ಮ ಅಳಿಯಂದ್ರಿಗೆ ಅದು ಅರ್ಧ ನಿಮಿಷದ ಕೆಲ್ಸ."

ಅಕ್ಕ ಸೆರಗಿನ ಪಿನ್ನು ಬಿಚ್ಚಿ ಕೊಟ್ಟಳು. ಭಾವ ಸ್ಟೂಲಿನ ಮೇಲೆ ಕೂತರು. ಮೊದಲ ಸಲ ಪಿನ್ನು ಜಾರಿ ಕೆಳಗೆ ಬಿತ್ತು. ಎರಡನೆಯ ಸಲ ಮಡಿಕೆಯ ಬಾಯಿಯೇ ಸಿಗಲಿಲ್ಲ. ಮೂರನೆಯ ಸಲ ಅವರು ಕೈ ನೋಡುವುದನ್ನು ಬಿಟ್ಟು ಎದುರಿನ ಗೋಡೆ ನೋಡಿದರು. ಬೆರಳುಗಳು ತಮ್ಮ ಪಾಡಿಗೆ ನಿಧಾನವಾಗಿ ಸಾಗಿದವು. ಪೂರಾ ಐದು ನಿಮಿಷ ಹಿಡಿಯಿತು. ಲಾಡಿ ಆಚೆ ಬರುವ ಹೊತ್ತಿಗೆ ಕೈಯ ನಡುಕ ನಿಂತಿತ್ತು.

ಅಮ್ಮನನ್ನು ಒಳಗೆ ಕರೆದೊಯ್ದ ಒಂದು ಗಂಟೆಯ ಮೇಲೆ ಭಾವ ಹೊರಗೆ ಬಂದರು. ಮುಖವೆಲ್ಲ ಬೆವರು.

"ಬಂತು ಮಾರಾಯ. ಎರಡು ಸಲ ತಂತಿ ಹೋಗ್ಲಿಲ್ಲ. ಸ್ವಲ್ಪ ಹಿಂದೆ ಬಂದು ನೋಡ್ದೆ, ದಾರಿ ಕಾಣ್ತು."

"ಕಲ್ಲೆಲ್ಲಿ ಭಾವ? ತೋರ್ಸಿ!"

"ಕರುಳಿಗೆ ಬಿಟ್ಟಿದ್ದೀನಿ. ತಾನಾಗೇ ಹೋಗುತ್ತೆ. ಬೇಕಾದ್ರೆ ನಾಳೆ ಕಾದು ಕೂತು ನೋಡ್ಕೋ!" ಎಂದು ನಕ್ಕವರು, ಹಾಗೇ ಗೋಡೆಗೆ ಒರಗಿ ಮಕ್ಕಳ ಹಾಗೆ ಅತ್ತುಬಿಟ್ಟರು.

ಮರುದಿನ ಅಮ್ಮ ಗಂಜಿ ಕುಡಿಯುವಾಗ ನಾನು ತಮಾಷೆ ಮಾಡಿದೆ. "ಲಾಡಿ ಒಳ್ಳೇ ಹೊತ್ತು ನೋಡಿ ಕಳಚ್ಕಂಡ್ತಲ್ಲಮ್ಮ!"

ಅಮ್ಮ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಅದೆಲ್ಲಿ ಕಳಚ್ತು? ನಾನೇ ಹಿರ್ದಿದ್ದು. ಪಾಪ, ಅವ್ರ ಕೈ ನಡುಗ್ತಿತ್ತು. ಅವ್ರಿಗೆ ಹೇಳ್ಬೇಡ ಮತ್ತೆ."

"ಹೇಳಲ್ಲಮ್ಮ," ಎಂದು ಮಾತು ಕೊಟ್ಟೆ. ಭಾವ ಈಗ ಸಾಗರಕ್ಕೆ ಮರಳಿದ್ದಾರೆ, ತುಮರಿಯವರನ್ನು ವಾಪಸ್ ಕಳಿಸುವುದಿಲ್ಲ. ನಾನಂತೂ ಅಮ್ಮನಿಗೆ ಕೊಟ್ಟ ಮಾತಿನಂತೆ ಇಂದಿನವರೆಗೂ ಅವರಿಗೆ ಹೇಳಿಲ್ಲ. ಬರೆಯಬಾರದು ಎಂದು ಅಮ್ಮ ಹೇಳಿರಲಿಲ್ಲವಲ್ಲ!