ಹಡಗನ್ನು ಎತ್ತಿಟ್ಟ ಯಂತ್ರ

ನವರಾತ್ರಿಯ ಮೊದಲ ದಿನ ಬೆಳಿಗ್ಗೆ, ಮನೆಯಲ್ಲಿ ನೂರೆಂಟು ಕೆಲಸ ಬಿದ್ದಿರುವಾಗ, ಸೀತಾಪತಿ ಹೆಂಡತಿಯನ್ನು ಅಡುಗೆಮನೆಯಿಂದ ಎಳೆತಂದು ತನ್ನ ಹೊಸ ಯಂತ್ರದ ಮುಂದೆ ನಿಲ್ಲಿಸಿದ. ಆರು ಕೈ, ಎರಡು ಗಾಜಿನ ಕಣ್ಣು, ಹೆಸರು 'ಸರ್ವಸಂಗ್ರಹಿ'. ಮೊರದಲ್ಲಿ ಬೆರೆಸಿಟ್ಟಿದ್ದ ಹೆಸರುಬೇಳೆ, ತೊಗರಿಬೇಳೆಗಳನ್ನು ಅದು ಅರೆ ನಿಮಿಷದಲ್ಲಿ ಬೇರೆಮಾಡಿ, ಡಬ್ಬಿಗೆ ತುಂಬಿ, ಚೀಟಿ ಅಂಟಿಸಿತು! ಬೇಳೆ ಬೆರೆಸಿದ ಪುಣ್ಯಾತ್ಮ ಯಾರೆಂದು ಅಂಬುಜಾಕ್ಷಿ ಕೇಳಲಿಲ್ಲ. ಕೇಳಿದ್ದರೆ ಜಗಳ ಮಧ್ಯಾಹ್ನದವರೆಗೂ ನಡೆಯುತ್ತಿತ್ತು.

ಹಬ್ಬ ಮುಗಿದ ಮೇಲೆ ಬೊಂಬೆಗಳನ್ನೆಲ್ಲ ಬಿಚ್ಚಿ ಎತ್ತಿಡುವ ಕಷ್ಟ ಇನ್ನು ಅವಳಿಗಿಲ್ಲವೆಂದು ಸೀತಾಪತಿ ಎದೆಯುಬ್ಬಿಸಿ ಹೇಳಿದ.

"ಸಂಜೆ ಜನ ಬಂದು ನನ್ನ ಹಡಗು ನೋಡ್ಬೇಕು," ಎಂದಳು ಅಂಬುಜಾಕ್ಷಿ. "ಇದು ಅದರ ಹತ್ರ ಸುಳೀಕೂಡದು."

ಅವಳ ಸಿಟ್ಟಿಗೆ ಕಾರಣವಿತ್ತು. ಹೋದ ವರ್ಷ ಅವನ ಕಾರಂಜಿ ದಶಾವತಾರವನ್ನು ಪೂರ್ತಿ ತೋಯಿಸಿತ್ತು. ಅದರ ಹಿಂದಿನ ವರ್ಷ ಅವನ ತಿರುಗುವ ಮೆಟ್ಟಿಲು ಶೆಟ್ಟಿ ಬೊಂಬೆಯನ್ನು ಕಿಟಕಿಯಾಚೆ ಎಸೆದಿತ್ತು. ಬಂದವರು ಬೊಂಬೆ ಬಿಟ್ಟು ಅವನ ಪೇಚಾಟ ನೋಡಿ, ನಕ್ಕು ಹೋಗುತ್ತಿದ್ದರು. ಈ ಸಲವಾದರೂ ತನ್ನ ಕೈಕೆಲಸ ನೋಡಿ ಹೋಗಲೆಂದು ಅವಳು ಮಕ್ಕಳಾಡುವ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಹನ್ನೊಂದು ತಿಂಗಳು ಕೂತು ಹಾಯಿಹಡಗು ಕಟ್ಟಿದ್ದಳು. ಮೂರು ಹಾಯಿಗಂಬ, ಹದಿನೆಂಟು ಫಿರಂಗಿ, ಹಗ್ಗದ ಏಣಿ, ಲಂಗರು, ಅಡುಗೆಕೋಣೆಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಒಲೆ. ಕತ್ತು ನೋವಿಗೆ ಎಣ್ಣೆ ತಿಕ್ಕಿಕೊಂಡು ಕಟ್ಟಿದ ಹಡಗು ಅದು.

ಮಧ್ಯಾಹ್ನ ಅವಳು ಪಟ್ಟದ ಬೊಂಬೆಗಳನ್ನು, ಅಂದರೆ ಮರದ ರಾಜ ರಾಣಿಯರನ್ನು, ಚಾಪೆಯ ಮೇಲೆ ಮಲಗಿಸಿ ರಾಣಿಗೆ ಸೀರೆಯ ನೆರಿಗೆ ಹಿಡಿಯತೊಡಗಿದಳು. ಅಷ್ಟರಲ್ಲಿ ಮೂಲೆಯಲ್ಲಿ ನಿಂತಿದ್ದ ಯಂತ್ರದ ಕಣ್ಣು ಹೊತ್ತಿಕೊಂಡಿತು. ಆರೂ ಕೈಗಳು ರಾಜ ರಾಣಿಯರನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸಿ, ನೇರ ಹಡಗಿನ ಮೇಲೆ ಬಿದ್ದವು!

ಅವಳ ಕೂಗಿಗೆ ಓಡಿಬಂದ ಸೀತಾಪತಿ ಪೆಚ್ಚಾಗಿ ನಿಂತ. ಹಬ್ಬದ ಕೊನೆಗೆ ಪಟ್ಟದ ಬೊಂಬೆಗಳನ್ನು ಮಲಗಿಸಿದ ಮೇಲೆ ತಾನೇ ಉಳಿದವನ್ನು ಎತ್ತಿಡುವುದು? ಅದಕ್ಕೇ ಅವೆರಡೂ ಮಲಗಿದ ಕೂಡಲೇ ಕೆಲಸ ಶುರುಮಾಡೆಂದು ಅವನು ಯಂತ್ರಕ್ಕೆ ಕಲಿಸಿದ್ದ.

"ಮಲಗಿಸದೆ ಸೀರೆ ಹೇಗ್ರೀ ಉಡಿಸೋದು?" ಎಂದಳು ಅಂಬುಜಾಕ್ಷಿ. "ಮೂವತ್ತೆರಡು ವರ್ಷ ನಿಮ್ಮ ಕಣ್ಣೆದುರಿಗೇ ಉಡಿಸಿದೀನಿ. ಒಂದು ದಿನ ನೋಡಿದೀರಾ?"

ಸೀತಾಪತಿ ನೋಡಿರಲಿಲ್ಲ. ಪ್ಲಗ್ ಕಿತ್ತ. ಯಂತ್ರ ನಿಲ್ಲಲಿಲ್ಲ. ಕರೆಂಟ್ ಹೋದರೂ ಕೆಲಸ ಕೆಡಬಾರದೆಂದು ಬ್ಯಾಟರಿ ಇಟ್ಟವನೂ ಅವನೇ. ಬೊಂಬೆಗಳನ್ನು ಎತ್ತಿ ನಿಲ್ಲಿಸೋಣವೆಂದರೆ ಪೆಟ್ಟಿಗೆಗೆ ಆಗಲೇ ಮೊಳೆ ಬಿದ್ದಿತ್ತು. ಅಂಬುಜಾಕ್ಷಿ ಹಡಗಿನ ನಡುಗಂಬವನ್ನು ತಬ್ಬಿ ಹಿಡಿದಳು. ಯಂತ್ರ ಅವಳ ಬೆರಳುಗಳನ್ನು ಒಂದೊಂದಾಗಿ, ಬಲು ಮರ್ಯಾದೆಯಿಂದ ಬಿಡಿಸಿತು. ಕೆಂಪು ಇಟ್ಟಿಗೆ ಕೆಂಪು ಡಬ್ಬಿಗೆ, ಬಿಳಿಯದು ಬಿಳಿ ಡಬ್ಬಿಗೆ. ಹನ್ನೊಂದು ತಿಂಗಳು ಒಂಬತ್ತು ನಿಮಿಷದಲ್ಲಿ ಮುಗಿಯಿತು. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಯಂತ್ರಕ್ಕೆ ಇನ್ನೂ ತೃಪ್ತಿಯಿರಲಿಲ್ಲ. ಉಳಿದ ಬೊಂಬೆಗಳನ್ನು ಸುತ್ತಿಟ್ಟು ಮೆಟ್ಟಿಲು ಕಳಚಿತು, ಗಡಿಯಾರ ಬಿಚ್ಚಿತು, ಸೀತಾಪತಿಯ ಕನ್ನಡಕ ಕಿತ್ತು ಗಾಜು ಒಂದು ಕಡೆ, ಕಡ್ಡಿ ಒಂದು ಕಡೆ ಇಟ್ಟಿತು. ನಡುಮನೆಯಲ್ಲಿ ಬಿಚ್ಚಲು ಮತ್ತೇನೂ ಉಳಿಯದಾಗ ತನ್ನನ್ನೇ ನೋಡಿಕೊಂಡಿತು. ಒಂದೊಂದೇ ಕೈ ಕಳಚಿ, ತಿರುಪುಗಳನ್ನು ವಿಂಗಡಿಸಿ, ಕಣ್ಣುಗಳನ್ನು ಹತ್ತಿಯಲ್ಲಿಟ್ಟು, ಕೊನೆಯ ಕೈಯಿಂದ ಚೀಟಿ ಅಂಟಿಸಿತು. ಆಮೇಲೆ ಆ ಕೈಯೂ ಡಬ್ಬಿಯೊಳಗೆ ಮಲಗಿತು!

ತಾನು ಇಡೀ ರಾತ್ರಿ ಕೂತು ಹಡಗು ಜೋಡಿಸಿಕೊಡುತ್ತೇನೆಂದು ಸೀತಾಪತಿ ಗೋಗರೆದ.

"ಅದನ್ನ ಮುಟ್ಟಿದ್ರೆ ಜೋಕೆ," ಎಂದಳು ಅಂಬುಜಾಕ್ಷಿ.

ಐದು ಗಂಟೆಗೆ ಬೀದಿಯ ಹೆಂಗಸರೆಲ್ಲ ಬಂದರು. ಬೊಂಬೆಯಿಲ್ಲ, ಮೆಟ್ಟಿಲಿಲ್ಲ. ಗೋಡೆಯುದ್ದಕ್ಕೂ ಚೀಟಿ ಅಂಟಿಸಿದ ಡಬ್ಬಿಗಳು. ಪಕ್ಕದ ಮನೆಯ ಕೋಮಲಮ್ಮ ನಗು ತಡೆದುಕೊಂಡು, ಯಜಮಾನರ ಯಂತ್ರ ಈ ವರ್ಷವೂ ಕೈಕೊಟ್ಟಿತೇ ಎಂದು ಕೇಳಿದರು.

ಅಂಬುಜಾಕ್ಷಿ ಯಂತ್ರ ತನ್ನನ್ನೇ ತುಂಬಿಕೊಂಡ ಡಬ್ಬಿಯನ್ನು ತೋರಿಸಿ, ಕುಂಕುಮದ ಬಟ್ಟಲು ಮುಂದೆ ಹಿಡಿದಳು.

"ಇಲ್ಲ ಕೋಮಲಮ್ಮ. ಇವರು ಮಾಡಿದ್ರಲ್ಲಿ ಸರಿಯಾಗಿ ಕೆಲಸ ಮಾಡಿದ್ದು ಇದೊಂದೇ."